ಹಿಂದಿನ ಬೆಂಚಿನವರು ಮಾತಾಡಬಾರದು

ಜೂನ್ ೧೨

ಶಿಕ್ಷಕರ ಕಾಲೇಜಿನಲ್ಲಿ ಮೊದಲ ದಿನ. ವರ್ಷದ ಕೊನೆಗೆ ಕೊಡುವ ಪದಕ ನನಗೇ ಬರಬೇಕು, ಬಂದೇ ಬರುತ್ತದೆ. ಈಗಲೇ ಬರೆದಿಟ್ಟರೆ ಆಮೇಲೆ ಯಾರೂ ಅದನ್ನು ಅದೃಷ್ಟ ಅನ್ನುವ ಹಾಗಿಲ್ಲ. ಅಪ್ಪ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಅವರು ಮೈದಾನದಲ್ಲಿ ನಿಂತು ಒಂದು ಮಾತು ಹೇಳಿದರೆ ಮಾಳಿಗೆಯ ಮೇಲಿನ ಹುಡುಗರೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರಂತೆ. ಆ ಗಂಟಲು ನನಗೆ ಬಂದಿದೆ. ಭಾಷಣವಿರಲಿ, ಚರ್ಚೆಯಿರಲಿ, ಡಿಗ್ರಿ ಓದುವಾಗ ಬಹುಮಾನ ಬೇರೆಯವರ ಮನೆಗೆ ಹೋದದ್ದು ನೆನಪಿಲ್ಲ. ಹಾಸ್ಟೆಲಿನ ರೂಮ್‌ಮೇಟ್ ಸಂಜೆಯೊಳಗೆ ನನಗೆ ರೇಡಿಯೋ ಎಂದು ಹೆಸರಿಟ್ಟಾಯಿತು. ಇಟ್ಟುಕೊಳ್ಳಲಿ, ರೇಡಿಯೋ ಇಲ್ಲದ ಮನೆ ಬಿಕೋ ಅನ್ನುತ್ತದೆ.

ಬೆಳಿಗ್ಗೆ ಎಲ್ಲರೂ ಎದ್ದು ನಿಂತು ಹೆಸರು, ಓದಿದ ವಿಷಯ ಹೇಳಬೇಕಿತ್ತು. ನನ್ನ ಬೆಂಚಿನಲ್ಲೇ ಕೂತಿದ್ದವನ ಸರದಿ ಬಂತು. ಎದ್ದ. ಮುಖ ಕೆಂಪಗಾಯಿತು, ಕುತ್ತಿಗೆಯ ನರ ಉಬ್ಬಿತು, ಬಾಯಿಂದ ಮೊದಲ ಅಕ್ಷರವೇ ಹೊರಡಲೊಲ್ಲದು. ಕ್ಲಾಸೆಲ್ಲ ತಲೆ ತಗ್ಗಿಸಿ ಮೇಜು ನೋಡತೊಡಗಿತು. ಉಗ್ಗು! ಮೇಷ್ಟ್ರಾಗಲು ಬಂದವನಿಗೆ ಉಗ್ಗು. ಈಜು ಬಾರದವನು ದೋಣಿ ನಡೆಸಲು ಬಂದ ಹಾಗೆ. ಅವನ ಮುಂದಿದ್ದ ಪ್ರವೇಶ ಚೀಟಿಯಲ್ಲಿ ಹೆಸರೂ ವಿಷಯವೂ ಇದ್ದವು. ನಾನೇ ಗಟ್ಟಿಯಾಗಿ ಓದಿ ಹೇಳಿ, ಗಣಿತ ಎಂದೂ ಸೇರಿಸಿದೆ. ಎಲ್ಲರೂ ಉಸಿರು ಬಿಟ್ಟರು. ಅವನು ಕೂತ.

ಚಹಾದ ಹೊತ್ತಿಗೆ ಹತ್ತಿರ ಬಂದ. ಥ್ಯಾಂಕ್ಸ್ ಹೇಳಲು ಇರಬೇಕು ಎಂದುಕೊಂಡೆ.

"ನ... ನ... ನನ್ನ ಹೆಸರು ನಾ... ನಾನೇ ಹೇಳ್ತಿದ್ದೆ. ಸ್ವಲ್ಪ ಹೊ... ಹೊತ್ತಾಗ್ತಿತ್ತು, ಅ... ಅಷ್ಟೇ."

ಉಪಕಾರ ಮಾಡಿದವರಿಗೇ ಉಪದೇಶ. ಇನ್ನು ಅವನ ತಂಟೆಗೆ ಹೋದರೆ ಕೇಳಿ.

ಜುಲೈ ೩

ಹೋಗಬೇಕಾಯಿತು. ಇವತ್ತು ಜೋಡಿ ಮಾಡಿದರು. ಬೋಧನಾ ಕ್ರಮ ಕಲಿಸುವ ಮೇಡಂ ಸಣಕಲು ಹೆಂಗಸು, ಮಾತು ಆಡಿದರೆ ಮುತ್ತು ಉದುರೀತೆಂಬ ಭಯ. ನಿಯಮ ಹೇಳಿದರು: ಪಕ್ಕದ ಶಾಲೆಯಲ್ಲಿ ಒಬ್ಬರು ಪಾಠ ಮಾಡಬೇಕು, ಜೊತೆಗಾರರು ಹಿಂದಿನ ಬೆಂಚಿನಲ್ಲಿ ಕೂತು ಗಮನಿಸಬೇಕು. ಹಿಂದಿನ ಬೆಂಚಿನವರು ತುಟಿ ಪಿಟಕ್ಕೆನ್ನಬಾರದು. ಪಿಟಕ್ಕೆಂದರೆ ಪಾಠ ರದ್ದು.

ನನಗೆ ಬಿದ್ದ ಜೊತೆಗಾರ ಅವನೇ. ಪದಕದ ಮೇಲೆ ಕಲ್ಲು ಬಿತ್ತು. ನೆಟ್ಟಗೆ ಮೇಡಂ ಕೋಣೆಗೆ ಹೋಗಿ, ನಾನು ಜಾಸ್ತಿ ಮಾತಾಡುವವಳು, ಅವರು ಆಡುವುದೇ ಕಷ್ಟ, ಹೊಂದಿಕೆಯಾಗುವುದಿಲ್ಲ ಎಂದೆ. ಮೇಡಂ ತಲೆ ಎತ್ತಲಿಲ್ಲ. "ಒಳ್ಳೇದಾಯ್ತಲ್ಲಮ್ಮ, ಸರಾಸರಿ ಬರುತ್ತೆ" ಎಂದರು.

ಜುಲೈ ೧೯

ಪಾಠದ ಯೋಜನೆ ಬರೆಯಲು ಲೈಬ್ರರಿಯಲ್ಲಿ ದಿನಾ ಕೂರುತ್ತೇವೆ. ಕೆಲಸ ಬೇಗ ಸಾಗಲಿ ಎಂದು ಅವನ ವಾಕ್ಯಗಳನ್ನು ನಾನೇ ಮುಗಿಸುತ್ತೇನೆ. ಎರಡು ಪದ ಬಿದ್ದರೆ ಸಾಕು, ಮುಂದಿನದು ನನಗೆ ಗೊತ್ತಾಗುತ್ತದೆ. ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಸರಿ ಇಲ್ಲದಿದ್ದಾಗ ಅವನು ಸುಮ್ಮನಾಗಿಬಿಡುತ್ತಾನೆ, ಹಾಗಾಗಿ ಅದೂ ಸರಿಯೆಂದೇ ಲೆಕ್ಕ.

ಆಗಸ್ಟ್ ೨೧

ನನ್ನ ಮೊದಲ ಪಾಠ. ಏಳನೇ ತರಗತಿ, ತ್ರಿಭುಜ. ಸೂಜಿ ಬಿದ್ದರೂ ಕೇಳಬೇಕು, ಹಾಗೆ ಕೂತಿದ್ದವು ಮಕ್ಕಳು. ಗಂಟೆ ಹೊಡೆಯುವುದಕ್ಕೂ ನನ್ನ ಕೊನೆಯ ವಾಕ್ಯ ಮುಗಿಯುವುದಕ್ಕೂ ಸರಿಹೋಯಿತು. ಅಪ್ಪ ನೋಡಬೇಕಿತ್ತು.

ಮೇಡಂ ಒಂದೇ ಸಾಲು ಬರೆದುಕೊಟ್ಟರು: ಪಾಠ ಚೆನ್ನಾಗಿತ್ತು, ಮಕ್ಕಳು ಎಲ್ಲಿದ್ದರು?

ಎಲ್ಲಿದ್ದರು ಅಂದರೆ? ಎದುರಿಗೇ ಇದ್ದರಲ್ಲ, ಬೆಂಚಿನ ತುಂಬ. ಆ ಚೀಟಿಯನ್ನು ಜೊತೆಗಾರನಿಗೆ ತೋರಿಸಿದೆ. ಬಿದ್ದು ಬಿದ್ದು ನಕ್ಕ. ನಗುವಾಗ ಮಾತ್ರ ಅವನಿಗೆ ಉಗ್ಗು ಬರುವುದಿಲ್ಲ.

ಆಗಸ್ಟ್ ೨೪

ಅವನ ಮೊದಲ ಪಾಠ. ಅದೇ ತರಗತಿ, ಭಿನ್ನರಾಶಿ. ಬೋರ್ಡಿನ ಮೇಲೆ ಬರೆದದ್ದು ಮುದ್ದಾಗಿತ್ತು, ಅಕ್ಷರ ಚೆನ್ನ. ಆಮೇಲೆ ತಿರುಗಿ "ಛೇ... ಛೇ..." ಎಂದು ನಿಂತ. ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಿವೆ. ಮೇಡಂ ಬಾಗಿಲಲ್ಲಿ ನಿಂತಿದ್ದಾರೆ. ಹಿಂದಿನ ಬೆಂಚಿನಿಂದ ನಾನೇ "ಛೇದ" ಎಂದೆ. ಮೆಲ್ಲಗೇ ಅಂದೆ, ಆದರೆ ನನ್ನ ಮೆಲ್ಲಗೆ ಎಂದರೆ ಪಕ್ಕದ ತರಗತಿಗೂ ಕೇಳುತ್ತದಂತೆ. ಮಕ್ಕಳು ಹಿಂದೆ ತಿರುಗಿದರು. ಅವನು ಮತ್ತೆ ಶುರುಮಾಡಿದ, ಮತ್ತೆ ನಿಂತಿತು, ನಾನು ಮತ್ತೆ ಹೇಳಿಕೊಟ್ಟೆ. ಸ್ವಲ್ಪ ಹೊತ್ತಿನಲ್ಲಿ ಮಕ್ಕಳೆಲ್ಲ ಬೋರ್ಡಿಗೆ ಬೆನ್ನು ಹಾಕಿ ನನ್ನ ಕಡೆ ತಿರುಗಿ ಕೂತುಬಿಟ್ಟರು. ಅವನು ಸೀಮೆಸುಣ್ಣ ಹಿಡಿದುಕೊಂಡು ಅವುಗಳ ಬೆನ್ನು ನೋಡುತ್ತಿದ್ದ.

ಮೇಡಂ ಪಾಠ ರದ್ದು ಮಾಡಿದರು.

ಆಗಸ್ಟ್ ೨೫

ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. ಶಾಲೆಯ ಗೇಟಿನ ಹತ್ತಿರ ನಿಲ್ಲಿಸಿ ಒಂದು ಮಾತು ಹೇಳಿದ. ಅಡ್ಡ ಬರಲು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಬೇಡವೆಂದು ಬೆರಳಾಡಿಸಿದ. ಅವನು ತಡೆದು ತಡೆದು ಹೇಳಿದ್ದನ್ನೆಲ್ಲ ಹಾಗೇ ಬರೆದರೆ ಪುಟ ಸಾಲದು. ಹೇಳಿ ಮುಗಿಸಿದ್ದು ಇಷ್ಟು:

"ಮಕ್ಕಳು ಕಾಯ್ತಿದ್ರು. ನಿಮಗೆ ಕಾಯೋಕಾಗ್ಲಿಲ್ಲ."

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಇಷ್ಟು ಸಭ್ಯವಾಗಿ ಯಾರೂ ನನಗೆ ಹೇಳಿರಲಿಲ್ಲ. ಸಿಟ್ಟು ಬಂತು. ಇನ್ನೂ ಇಳಿದಿಲ್ಲ.

ಸೆಪ್ಟೆಂಬರ್ ೧೪

ರದ್ದಾದ ಪಾಠ ಮತ್ತೆ ಮಾಡಿದ. ನಾನು ಕರವಸ್ತ್ರದ ಮೂಲೆ ಹಲ್ಲಿನಲ್ಲಿ ಕಚ್ಚಿ ಕೂತಿದ್ದೆ.

ಮೂರರಲ್ಲಿ ಒಂದು ಭಾಗ ದೊಡ್ಡದೋ, ನಾಲ್ಕರಲ್ಲಿ ಒಂದು ಭಾಗ ದೊಡ್ಡದೋ ಎಂದು ಬೋರ್ಡಿನಲ್ಲಿ ಬರೆದ. ನಾಲ್ಕು, ನಾಲ್ಕು ಎಂದು ಮಕ್ಕಳು ಕೂಗಿದರು. ಅವನು ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ. ಬಾಯಿ ತೆರೆದು ನಿಂತ. ಮಾತು ತಡೆಯಿತೋ, ಬೇಕೆಂದೇ ನಿಂತನೋ ನನಗೆ ಗೊತ್ತಾಗಲಿಲ್ಲ. ಕೂಗಿದವರಿಗೂ ಗೊತ್ತಾಗಲಿಲ್ಲ, ಅವರಿಗೇ ಅನುಮಾನ ಹುಟ್ಟಿತು. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು, ನಾಲ್ಕು ಜನಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ಸಿಗೋದು ಕಮ್ಮಿ ಅಲ್ವಾ ಸರ್ ಎಂದಳು. ಅಲ್ಲಿಂದ ಶುರುವಾಯಿತು ನೋಡಿ ಜಗಳ. ಒಬ್ಬ ಬೋರ್ಡಿಗೆ ಓಡಿದ, ಇನ್ನೊಬ್ಬ ಅವನು ಬರೆದದ್ದನ್ನು ಅಳಿಸಿದ. ಗಂಟೆ ಹೊಡೆಯುವ ಹೊತ್ತಿಗೆ ಇಡೀ ತರಗತಿ ಭಿನ್ನರಾಶಿಯನ್ನು ಅರೆದು ಕುಡಿದಿತ್ತು. ಅವನು ಆಡಿದ ಮಾತು ಲೆಕ್ಕ ಹಾಕಿದರೆ ಒಂದು ಪೋಸ್ಟ್‌ಕಾರ್ಡಿಗೂ ಆಗದು.

ಮೇಡಂ ನಕ್ಕರು. ಈ ವರ್ಷದಲ್ಲಿ ಮೊದಲ ಸಲ ಅವರ ಹಲ್ಲು ನೋಡಿದೆ. ಅದೃಷ್ಟವಂತ.

ಸೆಪ್ಟೆಂಬರ್ ೨೬

ನನ್ನ ಎರಡನೆಯ ಪಾಠದಲ್ಲಿ ಒಂದು ಪ್ರಶ್ನೆ ಕೇಳಿ ಸುಮ್ಮನೆ ನಿಂತು ನೋಡಿದೆ. ಸುಮ್ಮನಿರುವುದು ಎಷ್ಟು ಕಷ್ಟದ ಕೆಲಸ ಎಂದು ಯಾರಿಗೂ ಹೇಳಿ ಪ್ರಯೋಜನವಿಲ್ಲ. ಕೊನೆಗೂ ಒಂದು ಕೈ ಮೇಲೆದ್ದಿತು. ಉತ್ತರ ತಪ್ಪಾಗಿತ್ತು, ಆದರೂ ಖುಷಿಯಾಯಿತು. ಇದನ್ನು ಅವನಿಂದ ಕಲಿತೆ ಎಂದೇನಲ್ಲ, ನನಗೇ ಹೊಳೆಯಿತು.

ಅಕ್ಟೋಬರ್ ೧೦

ಒಂದು ವಿಷಯ ಪತ್ತೆ ಮಾಡಿದ್ದೇನೆ. ನನ್ನ ಜೊತೆಗಾರ ಭಾರೀ ತಮಾಷೆಯ ಮನುಷ್ಯ. ಇದು ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ನಗು ಬರುವ ಜಾಗಕ್ಕೆ ಅವನು ಮುಟ್ಟುವುದರೊಳಗೆ ಎಲ್ಲರೂ ಎದ್ದು ಹೋಗಿರುತ್ತಾರೆ. ಇವತ್ತು ಅವನ ಅಕ್ಕನ ಕತೆ ಹೇಳಿದ. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಅಕ್ಕ, ಬಸ್ಸಿನಲ್ಲಿ ಕಂಡಕ್ಟರು. ಮನೆಯಲ್ಲಿ ತಮ್ಮನನ್ನು ಊಟಕ್ಕೆ ಕರೆಯುವಾಗಲೂ "ಒಳಗೆ ನಡೀರಿ, ಒಳಗೆ ನಡೀರಿ, ಬಾಗಿಲಲ್ಲಿ ನಿಲ್ಬೇಡಿ" ಅನ್ನುತ್ತಾಳಂತೆ. ಇದನ್ನು ಹೇಳಿ ಮುಗಿಸಲು ಒಂದು ಲೋಟ ಚಹಾ ಪೂರ್ತಿ ಆರಿತು. ಆರಿದ ಚಹಾ ಮೂಗಿಗೆ ಹತ್ತುವಷ್ಟು ನಕ್ಕೆ.

ನವೆಂಬರ್ ೧೭

ಕ್ಯಾಂಟೀನಿನಲ್ಲಿ ಇತಿಹಾಸದ ತಂಡದ ಉದ್ದನೆಯವನು ನನ್ನ ಜೊತೆಗಾರನ ಉಗ್ಗನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದ. ನಾನು ಎದ್ದು ಹೋಗಿ ಅವನ ಜನ್ಮ ಜಾಲಾಡಿದೆ. ನಾಲಿಗೆಗೆ ಮೂಳೆ ಇಲ್ಲ ಅಂತ ಇದ್ದಬದ್ದವರನ್ನೆಲ್ಲ ಆಡ್ಕೊಂಡು ನಗಬೇಡ ಎಂದೆ, ಇನ್ನೂ ಏನೇನೋ ಎಂದೆ. ಕ್ಯಾಂಟೀನು ತಣ್ಣಗಾಯಿತು. ನನಗೆ ನನ್ನ ಬಗ್ಗೆ ಹೆಮ್ಮೆಯಾಯಿತು.

ಹೊರಗೆ ಬಂದಾಗ ಅವನು ಮೆಟ್ಟಿಲ ಮೇಲೆ ಕೂತಿದ್ದ. "ನನ್ನ ಜಗಳಾನೂ ನೀನೇ ಆಡಿಬಿಡ್ತೀಯಾ?" ಎಂದ. ನೀವು ಹೋಗಿ ನೀನು ಆದದ್ದು ಹಾಸ್ಟೆಲಿಗೆ ಬಂದ ಮೇಲೆ ನನ್ನ ಗಮನಕ್ಕೆ ಬಂತು. ಅಲ್ಲಿಯವರೆಗೆ ಸಿಟ್ಟು ಮಾಡಿಕೊಂಡಿದ್ದೆ.

ಡಿಸೆಂಬರ್ ೨೬

ರಜೆ. ಮನೆಯಲ್ಲಿದ್ದೇನೆ. ಬರೆಯುವಂಥದ್ದು ಏನೂ ಇಲ್ಲ.

ಡಿಸೆಂಬರ್ ೨೮

ಏನೂ ಇಲ್ಲ.

ಡಿಸೆಂಬರ್ ೩೦

ಮಧ್ಯಾಹ್ನ ಫೋನ್ ಬಂತು. ಎತ್ತಿದರೆ ಆ ಕಡೆ ಮೌನ. ಜೊತೆಗಾರನೇ ಎಂದು ಗೊತ್ತಾಯಿತು. ಫೋನೆಂದರೆ ಇವನಿಗೆ ಆಗದು ಎಂದು ಹಿಂದೊಮ್ಮೆ ಹೇಳಿದ್ದ. ಮಾತು ಹೊರಡುವುದರೊಳಗೆ ಲೈನು ಕಟ್ಟಾಯಿತೆಂದು ಜನ ಇಟ್ಟುಬಿಡುತ್ತಾರಂತೆ. ನಾನು ಇಡಲಿಲ್ಲ. ಕಿಟಕಿಯ ಹತ್ತಿರ ಕೂತೆ. ಅಮ್ಮ ಒಳಗಿನಿಂದ ಬಂದು, ಯಾರೇ ಅದು, ಮಾತೇ ಇಲ್ಲದ ಫೋನು ಎಂದರು. ಕೈ ಸನ್ನೆ ಮಾಡಿ ಕಳಿಸಿದೆ.

"ಏನು ಮಾಡ್ತಿದ್ದೀಯ?" ಎಂದ ಕೊನೆಗೆ.

ನಿನ್ನ ಫೋನಿಗೆ ಕಾಯ್ತಿದ್ದೆ ಅಂದುಬಿಟ್ಟೆ. ಎರಡು ದಿನದಿಂದ ಎಂದು ಮಾತ್ರ ಹೇಳಲಿಲ್ಲ.

ಫೆಬ್ರವರಿ ೧೦

ಶಾಲೆಯಿಂದ ನಡೆದು ಬರುತ್ತಿದ್ದೆವು. ಸೈಕಲ್ ರಿಪೇರಿ ಅಂಗಡಿಯ ಮುಂದೆ ಇವನು "ನಾವಿಬ್ರೂ" ಎಂದ. ಅಲ್ಲಿಗೆ ಮಾತು ನಿಂತಿತು, ಇವನು ನಿಂತ, ನಾನೂ ನಿಂತೆ.

ನನಗೆ ಆ ವಾಕ್ಯ ಕೊನೆಯವರೆಗೂ ಗೊತ್ತಿತ್ತು. ರೂಮ್‌ಮೇಟಿಗೂ ಗೊತ್ತಿತ್ತು, ಮೇಡಂಗೂ ಗೊತ್ತಿದ್ದರೆ ಆಶ್ಚರ್ಯವಿಲ್ಲ. ನಾಲಿಗೆ ಹಲ್ಲಿನ ಹಿಂದೆ ಕುಣಿಯುತ್ತಿತ್ತು. ರಿಪೇರಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಎಲ್ಲಿ ಬರುತ್ತದೆಂದು ನೋಡುತ್ತಿದ್ದ. ನಾನೂ ಅದನ್ನೇ ನೋಡಿದೆ. ಗುಳ್ಳೆ ಬಂತು, ಅವನು ಅಲ್ಲಿ ಗುರುತು ಮಾಡಿದ, ತೇಪೆ ಹಾಕಿದ, ಗಾಳಿ ತುಂಬಿದ. ತಾಳಿದವನು ಬಾಳಿಯಾನು ಎಂದು ಯಾರು ಹೇಳಿದರೋ, ಅವರಿಗೆ ನನ್ನಷ್ಟು ಮಾತು ಬರುತ್ತಿರಲಿಲ್ಲ ಎಂದು ಕಾಣುತ್ತದೆ.

"ನಾವಿಬ್ರೂ ಮದುವೆ ಆಗೋಣ್ವಾ?"

ಗೊತ್ತಿದ್ದದ್ದೇ. ಆದರೆ ಗೊತ್ತಿರುವುದು ಬೇರೆ, ಇವನ ಬಾಯಿಂದ ಕೇಳುವುದು ಬೇರೆ. ಆಮೇಲೆ ಮಾತು ಶುರುಮಾಡಿದವಳು ಹಾಸ್ಟೆಲಿನ ಗೇಟು ಬರುವವರೆಗೆ ನಿಲ್ಲಿಸಲಿಲ್ಲ. ಇವನು ಎಲ್ಲವನ್ನೂ ಕೇಳಿ, ಇದರಲ್ಲಿ ಹೂಂ ಎಲ್ಲಿದೆ ಎಂದ.

ಹೂಂ ಎಂದೆ.

ಮಾರ್ಚ್ ೩

ಮನೆಯಲ್ಲಿ ಹೇಳಿದೆ. ಅಮ್ಮ ಮೊದಲು ಹುಡುಗನ ಎತ್ತರ ಕೇಳಿದರು, ಆಮೇಲೆ ಗುಣ ಕೇಳಿದರು. ಅಪ್ಪ ಏನೂ ಕೇಳದೆ ಕೂತಿದ್ದರು. ಉಗ್ಗಿನ ವಿಷಯ ನಾನೇ ಹೇಳಿದೆ. ಬಚ್ಚಿಡುವಂಥದ್ದೇನಲ್ಲ ಅದು.

"ಮೇಷ್ಟ್ರಿಗೆ ಗಂಟಲೇ ಬಂಡವಾಳ ಕಣಮ್ಮ" ಎಂದರು ಅಪ್ಪ. "ಅದೇ ಇಲ್ಲದೋನು ಮಕ್ಕಳ ಮುಂದೆ ಹೇಗೆ ನಿಲ್ತಾನೆ? ದಿನಾ ನಗೆಪಾಟಲಾಗ್ತಾನೆ. ನೀನು ಜೀವಮಾನ ಪೂರ್ತಿ ಅವನ ಬಾಯಾಗಿ ಬದುಕ್ತೀಯಾ?"

ನಾನು ವಾದ ಮಾಡಿದೆ. ಇಷ್ಟು ಬಹುಮಾನ ಗೆದ್ದವಳು ಅಪ್ಪನ ಮುಂದೆ ಸೋತೆ. ಅವರು ಕೊನೆಗೆ ಒಪ್ಪಿದ್ದು ಒಂದಕ್ಕೇ: ಅವನೇ ಬರಲಿ, ಬಂದು ಏನು ಹೇಳಬೇಕೋ ಅವನ ಬಾಯಿಂದಲೇ ಹೇಳಲಿ, ನೀನು ನಡುವೆ ಬಾಯಿ ಹಾಕಿದರೆ ಅಲ್ಲಿಗೆ ಮಾತು ಮುಗಿಯಿತು.

ಅಪ್ಪ ಬೇಡ ಎಂದರೆ ನಾನು ಏನು ಮಾಡುತ್ತೇನೆ? ಅವರನ್ನು ಬಿಟ್ಟು ಮದುವೆಯಾಗುವ ಧೈರ್ಯ ನನಗಿಲ್ಲ. ಇವನನ್ನು ಬಿಟ್ಟು ಇರುವ ಶಕ್ತಿಯೂ ಇಲ್ಲ. ಇದನ್ನು ಯಾರ ಮುಂದೆಯೂ ಹೇಳಲಾರೆ, ಇಲ್ಲಿ ಬರೆಯುತ್ತಿದ್ದೇನೆ.

ಮಾರ್ಚ್ ೧೧

ಇವನ ಮಾತು ಯಾವ ಅಕ್ಷರಕ್ಕೆ ನಿಲ್ಲುತ್ತದೆ, ಯಾವುದಕ್ಕೆ ಹರಿಯುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಹರಿಯುವ ಅಕ್ಷರಗಳನ್ನೇ ಆರಿಸಿ, ಅಪ್ಪನ ಮುಂದೆ ಹೇಳಬೇಕಾದ ಮಾತನ್ನು ಚೊಕ್ಕವಾಗಿ ಬರೆದೆ. ಮೂರು ದಿನ ಹಿಡಿಯಿತು. ವಿನಯವಿದೆ, ಗಾಂಭೀರ್ಯವಿದೆ, ಎಲ್ಲೂ ಕಲ್ಲು ಸಿಗುವುದಿಲ್ಲ. ನನ್ನ ಕೈಯಿಂದ ಇದಕ್ಕಿಂತ ಒಳ್ಳೆಯ ಬರವಣಿಗೆ ಬಂದಿಲ್ಲ.

ಇವನು ಓದಿದ. ಮಡಿಸಿ ವಾಪಸು ಕೊಟ್ಟ.

"ಚೆನ್ನಾಗಿದೆ. ಆದ್ರೆ ಇದು ನಿನ್ನ ಮಾತು. ನಿಮ್ಮಪ್ಪ ನನ್ನ ಕರೆದಿರೋದು."

ಕಷ್ಟಪಟ್ಟವಳು ನಾನು. ಹಾಗಾದರೆ ಹೋಗಿ ಅವರ ಮುಂದೆ ಬಾಯಿ ತೆರೆದು ನಿಂತುಕೋ ಎಂದುಬಿಟ್ಟೆ.

ಇವನು ಎದ್ದು ಹೋದ.

ಮಾರ್ಚ್ ೧೨

ಲೈಬ್ರರಿಗೆ ಬರಲಿಲ್ಲ.

ಮಾರ್ಚ್ ೧೪

ಬಂದ. ಬೇರೆ ಮೇಜಿನಲ್ಲಿ ಕೂತ.

ಮಾರ್ಚ್ ೧೬

ರೂಮ್‌ಮೇಟ್ ಕೇಳುತ್ತಾಳೆ, ರೇಡಿಯೋ ಯಾಕೆ ಬಂದ್ ಆಗಿದೆ ಎಂದು. ಏನಂತ ಹೇಳಲಿ. ನಾನು ಮಾಡಿದ್ದು ಇವನ ಒಳ್ಳೆಯದಕ್ಕೇ.

ಮಾರ್ಚ್ ೧೮

ಬರೆದ ಹಾಳೆಯನ್ನು ಹರಿದು ಹಾಕಿದೆ. ಇವನ ಮೇಜಿಗೆ ಹೋಗಿ ಎದುರು ಕೂತೆ. ಏನೂ ಹೇಳಲಿಲ್ಲ. ಇವನು ಪುಸ್ತಕವನ್ನು ನನ್ನ ಕಡೆಗೆ ಸರಿಸಿದ. ಒಂದು ಪಾಠದ ಯೋಜನೆ ಪೂರ್ತಿ ಮುಗಿಸಿ ಎದ್ದೆವು. ಗೇಟಿನ ಹತ್ತಿರ, ಬರುವ ತಿಂಗಳ ಏಳನೇ ತಾರೀಕು ಭಾನುವಾರ ನಿಮ್ಮ ಮನೆಗೆ ಬರುತ್ತೇನೆ, ಅಕ್ಕನೂ ಬರುತ್ತಾಳೆ ಎಂದ.

ಏಪ್ರಿಲ್ ೭

ಅವಸರಕ್ಕೆ ಅಕ್ಷರ ಕಾಗೆ ಕಾಲಾಗುತ್ತಿದೆ. ಆದರೂ ಇವತ್ತೇ ಬರೆಯಬೇಕು.

ಮುಂದಿನ ಕೋಣೆಯಲ್ಲಿ ಅಪ್ಪ ತಮ್ಮ ಕುರ್ಚಿಯಲ್ಲಿ, ಪಕ್ಕದಲ್ಲಿ ಸೋದರಮಾವ. ಎದುರಿಗೆ ಇವನು, ಇವನ ಅಕ್ಕ. ಅಮ್ಮ ಚಹಾ ಕೊಟ್ಟು ನನ್ನ ಹತ್ತಿರ ಬಾಗಿಲಲ್ಲಿ ನಿಂತರು. ಹೇಳಪ್ಪ ಎಂದರು ಅಪ್ಪ.

ಇವನು "ನಿಮ್ಮ" ಎಂದ. ನಿಂತಿತು.

ಅಪ್ಪನಿಗೆ ಶಾಲೆಯ ಅಭ್ಯಾಸ, ನಿಂತವನಿಗೆ ಪದ ಎತ್ತಿ ಕೊಟ್ಟರು. ನಿಮ್ಮ ಸ್ವಂತ ಊರು ಯಾವುದು ಅಂತಾನಾ? ಇವನು ತಲೆಯಾಡಿಸಿದ, ಮತ್ತೆ ನಿಮ್ಮ ಎಂದ. ಆರೋಗ್ಯವಾ? ಆರೋಗ್ಯ ಚೆನ್ನಾಗಿದೆಯಪ್ಪ. ಮಾವ ಒಳ್ಳೆಯ ಮನುಷ್ಯ, ಪಾಪ ಎನ್ನಿಸಿ ಅವರೂ ಕೈಜೋಡಿಸಿದರು. ಆಶೀರ್ವಾದ ಅಂತಿರಬೇಕು ಭಾವ. ಅನುಮತಿ ಇರಬೇಕು. ಇಬ್ಬರೂ ಒಗಟು ಬಿಡಿಸುವವರ ಹಾಗೆ ಒಂದೊಂದೇ ಪದ ಎಸೆಯುತ್ತಿದ್ದರು. ಇವನ ಕುತ್ತಿಗೆಯ ನರ ಎದ್ದಿತು. ಇವನ ಅಕ್ಕ, ಬಸ್ಸಿನ ಗದ್ದಲವನ್ನೆಲ್ಲ ಅಡಗಿಸುವವಳು, ಸೆರಗಿನ ತುದಿ ಹಿಡಿದುಕೊಂಡು ತುಟಿ ಕಚ್ಚಿ ಕೂತಿದ್ದಳು. ತಮ್ಮ ಬೇಡವೆಂದಿದ್ದಾನೆ, ಆಡುವುದಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದಿದ್ದೆ. ನಿಮ್ಮ ಮಗಳನ್ನ ನನಗೆ ಕೊಟ್ಟು ಮದುವೆ ಮಾಡಿ. ಇಷ್ಟೇ ತಾನೆ. ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಒಂದು ಉಸಿರಿನ ಕೆಲಸ. ಅಮ್ಮ ನನ್ನ ಮೊಣಕೈ ಒತ್ತಿದರು, ಹೇಳಿಬಿಡೇ ಎಂದೋ, ಸುಮ್ಮನಿರೇ ಎಂದೋ ಗೊತ್ತಿಲ್ಲ.

ನಾನು ಹೇಳಲಿಲ್ಲ.

ಇವನು ಅಂಗೈ ಎತ್ತಿದ. ತರಗತಿಯಲ್ಲಿ ಮಕ್ಕಳಿಗೆ ಎತ್ತುವ ಹಾಗೆಯೇ, ಜೋರಿಲ್ಲದೆ. "ಸ್ವಲ್ಪ ತಾಳಿ ಸರ್. ಹೇಳ್ತಿದ್ದೀನಿ."

ಮೂವತ್ತು ವರ್ಷ ಬೇರೆಯವರನ್ನು ಸುಮ್ಮನಿರಿಸಿದ ನನ್ನಪ್ಪ ಸುಮ್ಮನಾದರು. ಮಾವನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಇವನು ಮತ್ತೆ ಮೊದಲಿಂದ ಶುರುಮಾಡಿದ. ಒಂದೊಂದು ಪದವನ್ನೂ ಎತ್ತಿ, ಇಟ್ಟು, ಮುಂದೆ ಹೋದ.

"ನಿಮ್ಮ ಮಗಳನ್ನ ಕೊಡಿ ಅಂತ ಕೇಳೋಕೆ ಬಂದಿಲ್ಲ ಸರ್. ಅವಳು ಒಪ್ಪಿದ್ದಾಳೆ, ಅದು ನಮ್ಮಿಬ್ಬರ ಮಾತು. ನಾನು ಮೇಷ್ಟ್ರಾಗ್ತೀನೋ ಇಲ್ವೋ ಅಂತ ನಿಮಗೆ ಅನುಮಾನ. ಅದನ್ನ ಈ ಕೋಣೇಲಿ ಕೂತು ನೋಡೋಕಾಗಲ್ಲ. ನನ್ನ ತರಗತಿಗೆ ಬನ್ನಿ. ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ. ನೋಡಿ, ಆಮೇಲೆ ಹೇಳಿ."

ನನ್ನ ಊಹೆ ಪೂರ್ತಿ ತಪ್ಪಾಗಿತ್ತು. ನಾನೇನಾದರೂ ಬಾಯಿ ಹಾಕಿದ್ದರೆ ಇವನನ್ನು ಕೈಯೊಡ್ಡಿ ಬೇಡುವವನನ್ನಾಗಿ ಮಾಡಿಬಿಡುತ್ತಿದ್ದೆ.

ಅವರು ಹೋದ ಮೇಲೆ ಅಪ್ಪ ಕೋಣೆಯಲ್ಲಿ ಶತಪಥ ತಿರುಗಿದರು. ನನ್ನನ್ನೇ ಪಾಠ ನೋಡೋಕೆ ಕರೀತಾನಲ್ಲ ಎಂದರು. ಮನೇಲಿ ಕೂತು ತಾನೆ ಏ‌ನು ಮಾಡ್ತೀರಿ, ಹೋಗಿ ನೋಡ್ಕೊಂಡು ಬನ್ನಿ ಎಂದರು ಅಮ್ಮ.

ಏಪ್ರಿಲ್ ೧೮

ಅಪ್ಪ ಶಾಲೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು, ತನಿಖೆಗೆ ಬಂದ ಸಾಹೇಬರ ಠೀವಿ. ಮೇಡಂ ಅವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ಇಲ್ಲಿ ಕೂತವರು ಮಾತಾಡುವ ಹಾಗಿಲ್ಲ ಸರ್ ಎಂದು ಅವರಿಗೂ ನಿಯಮ ಹೇಳಿದರಂತೆ.

ನನಗೆ ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಪಾಠ. ಗೋಡೆಯ ಆಚೆಯಿಂದ ಗದ್ದಲ ಕೇಳಿಸತೊಡಗಿತು. ಮೊದಲು ಗುಜುಗುಜು, ಆಮೇಲೆ ಜೋರು, ಆಮೇಲೆ ಸಂತೆ. ತರಗತಿಯಲ್ಲಿ ಪಿಸುಮಾತು ಕೇಳಿದರೂ ಬೆತ್ತ ಹುಡುಕುತ್ತಿದ್ದ ಮನುಷ್ಯ ಅಪ್ಪ. ಇನ್ನೇನು ಎದ್ದು ಹೋಗುತ್ತಾರೆ ಎಂದು ಬಾಗಿಲ ಕಡೆಯೇ ನೋಡುತ್ತಿದ್ದೆ. ನಾನು ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು.

ಗಂಟೆ ಹೊಡೆದ ಮೇಲೆ ಅಪ್ಪ ಹೊರಗೆ ಬಂದರು. ಇವನಿಗೆ ಬರ್ತೀನಪ್ಪ ಎಂದರು, ನನಗೆ ಹೊರಡೋಣ್ವಾ ಎಂದರು. ಬಸ್ಸಿನಲ್ಲಿ ಒಂದು ಮಾತಿಲ್ಲ. ಮನೆಯಲ್ಲಿ ಕೈಕಾಲು ತೊಳೆದು ಊಟಕ್ಕೆ ಕೂತರು. ನಾನು ಕೇಳಲಿಲ್ಲ, ಕಾದೆ. ತಟ್ಟೆಯಲ್ಲಿ ಕೈ ಆಡಿಸುತ್ತ ಅಮ್ಮನಿಗೆ ಹೇಳಿದರು.

"ನನ್ನ ಕ್ಲಾಸಲ್ಲಿ ಒಂದು ಹುಳಾನೂ ಉಸಿರೆತ್ತುತ್ತಿರಲಿಲ್ಲ ಅಂತ ಇಷ್ಟು ವರ್ಷ ಜಂಬ ಕೊಚ್ಕೊಂಡೆ. ಪಾಪ, ಅವಕ್ಕೂ ಏನೋ ಹೇಳೋದಿತ್ತೇನೋ."

ಆಮೇಲೆ ನನ್ನ ಕಡೆ ತಿರುಗಿ, ಆ ಹುಡುಗನ ಅಕ್ಕನಿಗೆ ಯಾವತ್ತು ಡ್ಯೂಟಿ ರಜೆ ಅಂತ ಕೇಳು, ಮಾತುಕತೆ ಮುಂದುವರಿಸಬೇಕಲ್ಲ ಎಂದರು. ಅಮ್ಮ ನನಗೆ ಇನ್ನೊಂದು ಸೌಟು ಬಡಿಸಿದರು. ತಟ್ಟೆ ಮಂಜಾಗಿ ಕಂಡಿತು. ನನ್ನಪ್ಪನಂಥ ಅಪ್ಪ ಇನ್ನೊಬ್ಬರಿಲ್ಲ. ಈ ವಯಸ್ಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಕಲಿಯುವುದು ಹುಡುಗಾಟವಲ್ಲ.

ಮೇ ೨೦

ಫಲಿತಾಂಶ ಬಂತು. ಇವನಿಗೆ ಬೋಧನೆಯಲ್ಲಿ ಉತ್ತಮ ದರ್ಜೆ. ಜೊತೆಗೆ ಮೇಡಂ ಕೈಯಾರೆ ಬರೆದ ಎರಡು ಸಾಲು: ಈ ಶಿಕ್ಷಕರ ತರಗತಿಯಲ್ಲಿ ಮಕ್ಕಳು ಮಾತಾಡುತ್ತಾರೆ, ಮತ್ತೆ ಮತ್ತೆ ನೋಡಲು ಹೋಗಿದ್ದೇನೆ. ಅದನ್ನು ಇವನ ಅಕ್ಕ ಡ್ರೈವರಿಗೆ, ಡಿಪೋದವರಿಗೆ, ಕೊನೆಗೆ ಟಿಕೆಟ್ ತೆಗೆದುಕೊಂಡವರಿಗೂ ಓದಿ ಹೇಳಿದಳಂತೆ. ಪಕ್ಕದ ಶಾಲೆಯವರು ಬರುವ ವರ್ಷಕ್ಕೆ ಇವನನ್ನೇ ಗಣಿತಕ್ಕೆ ಕರೆದಿದ್ದಾರೆ. ಎರಡು ಜಡೆಯ ಹುಡುಗಿ ಇವರೇ ಬೇಕು ಎಂದು ಹಟ ಹಿಡಿದಳಂತೆ. ಇವನ ವಿಷಯವನ್ನೆಲ್ಲ ಅಮ್ಮನಿಗೆ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದೆ. ಅಮ್ಮ ಪೂರ್ತಿ ಕೇಳಿ, ಅದಿರಲಿ, ನಿಂದೇನಾಯ್ತೇ ಎಂದರು.

ಪದಕ ನನಗೇ ಬಂದಿದೆ. ಹೇಳುವುದೇ ಮರೆತಿದ್ದೆ.

ಜೂನ್ ೨

ಇವತ್ತು ನಿಶ್ಚಿತಾರ್ಥ. ನಮ್ಮ ಮುಂದಿನ ಕೋಣೆಯಲ್ಲೇ, ಕುರ್ಚಿಗಳನ್ನು ಗೋಡೆಗೆ ಸರಿಸಿ ಜಾಗ ಮಾಡಿದ್ದರು. ಇವನ ಅಕ್ಕ ಬಾಗಿಲಲ್ಲಿ ನಿಂತವರನ್ನೆಲ್ಲ ಒಳಗೆ ನಡೀರಿ, ಒಳಗೆ ನಡೀರಿ ಎಂದು ತುಂಬಿದಳು. ಮೇಡಂ ಬಂದಿದ್ದರು, ರೂಮ್‌ಮೇಟ್ ಬಂದಿದ್ದಳು. ಉಂಗುರ ಬದಲಾಯಿಸಿಕೊಂಡೆವು. ನನ್ನದು ಸ್ವಲ್ಪ ಬಿಗಿ, ಇವನದು ಸಡಿಲ.

ಹುಡುಗ ಎರಡು ಮಾತಾಡಲಿ ಎಂದು ಯಾರೋ ಹಿಂದಿನಿಂದ ಕೂಗಿದರು. ಗೊತ್ತಿಲ್ಲದವರು. ಕೋಣೆಯಲ್ಲಿ ಗೊತ್ತಿದ್ದವರೆಲ್ಲ ತಟ್ಟನೆ ಚಹಾದ ಲೋಟ ನೋಡತೊಡಗಿದರು. ಇವನು ಎದ್ದು ನಿಂತ. ಬಾಯಿ ತೆರೆದ. ಮೊದಲ ಪದಕ್ಕೇ ನಿಂತಿತು.

ಸೋದರಮಾವನಿಗೆ ತಡೆಯಲಾಗಲಿಲ್ಲ. ಇರಲಿ ಬಿಡಪ್ಪ, ಎಲ್ಲರಿಗೂ ಸಂತೋಷ ಅಂತ ತಾನೆ, ಕೂತ್ಕೋ ಕೂತ್ಕೋ ಎಂದರು. ನಾನು ಇವನ ಪಕ್ಕದಲ್ಲೇ ಇದ್ದೆ, ಸುಮ್ಮನೆ. ಮಾತಾಡಿದವರು ಅಪ್ಪ. ಕುರ್ಚಿಯಿಂದ ಅರ್ಧ ಎದ್ದು ಮಾವನ ಭುಜದ ಮೇಲೆ ಕೈ ಇಟ್ಟರು.

"ಸುಮ್ನಿರಯ್ಯ. ಅಳಿಯಂದ್ರು ಮಾತಾಡ್ತಿದ್ದಾರೆ."

ಎಲ್ಲರೂ ಇವನನ್ನು ನೋಡುತ್ತ ಕಾದರು. ಅಪ್ಪ ಗದ್ದಕ್ಕೆ ಕೈ ಕೊಟ್ಟು, ಮಗು ಕತೆ ಕೇಳುವ ಹಾಗೆ ಕೂತಿದ್ದರು. ಇವನು ಅವಸರ ಮಾಡಲಿಲ್ಲ. ಹೇಳಿದ.

"ನನಗೆ ಮಾತು ಬರಲ್ಲ ಅಂತ ತುಂಬ ಜನ ಅಂದ್ಕೊಂಡಿದ್ದಾರೆ. ಬರುತ್ತೆ. ತಡವಾಗಿ ಬರುತ್ತೆ. ಅದು ಬರೋವರೆಗೂ ಜೊತೆಗೆ ನಿಂತಿರೋರು ಬೇಕಿತ್ತು. ಸಿಕ್ಕಿದ್ದಾಳೆ."

ಇಷ್ಟನ್ನೂ ಇವನೇ ಹೇಳಿದ್ದು. ಇದರಲ್ಲಿ ಒಂದಕ್ಷರವೂ ನನ್ನದಲ್ಲ.